ಕುದುರೆ ಕಿವಿ ಸೋರುತ್ತಿದೆ, ಎಣ್ಣೆ ಬಿಡಬಹುದಾ?

ಪ್ರಶ್ನೆ: ನಮ್ಮ ಟಾಂಗಾ ಕುದುರೆಗೆ 9 ವರ್ಷ. ನಾಲ್ಕು ದಿನದಿಂದ ತಲೆ ಒದರುತ್ತಿದೆ, ಬಲಗಿವಿಯನ್ನು ಗೋಡೆಗೆ ಉಜ್ಜುತ್ತೆ, ಲಗಾಮು ಹಾಕಲು ಬಿಡಲ್ಲ. ಕಿವಿಯೊಳಗೆ ಕಂದು ಜಿಗುಟು, ಕೆಟ್ಟ ವಾಸನೆ. ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡಬಹುದಾ ಡಾಕ್ಟ್ರೇ?

ಉತ್ತರ (ಪಶುವೈದ್ಯರು): ದಯವಿಟ್ಟು ಬಿಡಬೇಡಿ. ಕಿವಿತಮಟೆ ಹರಿದಿದೆಯೋ ಇಲ್ಲವೋ ತಿಳಿಯದೆ ಒಳಗೆ ಏನನ್ನೂ ಬಿಡಬಾರದು. ಹರಿದಿದ್ದರೆ ಬಿಟ್ಟದ್ದೆಲ್ಲ ನಡುಗಿವಿಗೆ ಇಳಿಯುತ್ತೆ. ಜೆಂಟಾಮೈಸಿನ್ (ಆಂಟಿಬಯೋಟಿಕ್) ಡ್ರಾಪ್ಸ್, ಕ್ಲೋರ್‌ಹೆಕ್ಸಿಡಿನ್ (ಗಾಯ ತೊಳೆಯುವ ದ್ರಾವಣ) ಆದರಂತೂ ಒಳಗಿವಿಯನ್ನೇ ಕೆಡಿಸಬಹುದು.

ನಾಯಿಗೆ ಬಂದಷ್ಟು ಸಲೀಸಾಗಿ ಕುದುರೆಗೆ ಕಿವಿಸೋಂಕು ಬರಲ್ಲ. ಬಂದರೆ ಹಿಂದೆ ಉಣ್ಣೆಹುಳ, ನುಸಿ, ಹುಲ್ಲಿನ ಚೂರು ಅಥವಾ ಗಡ್ಡೆ ಇರೋದೇ ಹೆಚ್ಚು. ಅದನ್ನು ತೆಗೆಯದೆ ಡ್ರಾಪ್ಸ್ ಹಾಕಿದರೆ ಮತ್ತೆ ಸೋರುತ್ತೆ. ನೋಯುವ ಕಿವಿಯನ್ನು ಹಿಡಿದು ತಿರುಚಿ ನಿಲ್ಲಿಸಬೇಡಿ, ಆಮೇಲೆ ಜನ್ಮವಿಡೀ ಕಿವಿ ಮುಟ್ಟಿಸಿಕೊಳ್ಳಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟೇ ನೋಡಬೇಕು. ಕುದುರೆಯ ಕಿವಿನಾಳ ಉದ್ದ, ತಿರುವೂ ಇದೆ. ತಮಟೆ ಕಾಣಲು ಎಷ್ಟೋ ಸಲ ಎಂಡೋಸ್ಕೋಪ್ ಬೇಕಾಗುತ್ತೆ. ಜಿಗುಟನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿಯೋ, ಯೀಸ್ಟೋ, ಬ್ಯಾಕ್ಟೀರಿಯಾವೋ ಗೊತ್ತಾಗುತ್ತೆ.

ಅಲ್ಲಿವರೆಗೆ ನೀವು ಮಾಡಬಹುದಾದ್ದು: ಕುದಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಉಗುರುಬೆಚ್ಚಗಾದ ಮೇಲೆ ಬಟ್ಟೆ ಅದ್ದಿ ಹಿಂಡಿ, ಕಣ್ಣಿಗೆ ಕಾಣುವಷ್ಟು ಹೊರಭಾಗ ಮಾತ್ರ ಒರೆಸಿ. ಕಡ್ಡಿ, ಬಡ್ಸ್ ಬೇಡ. ಒಳಗೆ ಬಿಳಿ ಪೊರೆಪೊರೆಯಾದ ಮಚ್ಚೆ ಕಂಡರೆ ಕೀಳಬೇಡಿ. ಅದು ಸಣ್ಣ ನೊಣಗಳು ಹರಡುವ ವೈರಸ್‌ನದು, ಸೋಂಕಿನ ಕೀವಲ್ಲ.

ಪ್ರಶ್ನೆ: ನುಸಿ ಆದರೆ ದನದ ಐವರ್‌ಮೆಕ್ಟಿನ್ ಇಂಜೆಕ್ಷನ್ ಸಾಕಾ? ಮನೆಯಲ್ಲೇ ಇದೆ.

ಉತ್ತರ: ಅದು ಬೇಡ. ಚುಚ್ಚಿದ ಜಾಗದ ಮಾಂಸಖಂಡ ಕೊಳೆತು ಕುದುರೆ ಸಾಯುವ ಅಪಾಯವಿದೆ. ಕುದುರೆಗೆಂದೇ ಇರುವ ಐವರ್‌ಮೆಕ್ಟಿನ್ ಪೇಸ್ಟನ್ನೇ ಬಾಯಿಗೆ ಕೊಡಿ: ಕಿಲೋ ತೂಕಕ್ಕೆ 0.2 ಮಿ.ಗ್ರಾಂ, ಅಂದರೆ 400 ಕಿಲೋ ಕುದುರೆಗೆ 80 ಮಿ.ಗ್ರಾಂ. 14 ದಿನ ಬಿಟ್ಟು ಇನ್ನೊಮ್ಮೆ, ಮೊಟ್ಟೆಯೊಡೆದು ಬಂದವಕ್ಕೆ. ಕಿವಿಯೊಳಗಿನ ಉಣ್ಣೆಗೆ ಇದನ್ನೇ ನಂಬಬೇಡಿ, ಮಂಪರಿನಲ್ಲಿ ಚಿಮಟದಿಂದ ತೆಗೆಸಿ.

ಪ್ರಶ್ನೆ (ಇನ್ನೊಬ್ಬರು): ನಮ್ಮ ಎರಡು ವರ್ಷದ ಮರಿಗೆ ಕಿವಿಯ ಬುಡದಲ್ಲಿ ಸಣ್ಣ ತೂತು, ಅಲ್ಲಿಂದ ಅಂಟು ನೀರು. ಕಿವಿಯೊಳಗೆ ಸ್ವಚ್ಛವಾಗಿದೆ.

ಉತ್ತರ: ಅದು ಕಿವಿಸೋಂಕಿನಂತಿಲ್ಲ ಸಾರ್. ಹುಟ್ಟುವಾಗಲೇ ಅಲ್ಲಿ ಹಲ್ಲು ಬೆಳೆದಿರುವ ಚೀಲ ಇರಬಹುದು. ಒತ್ತಿದರೆ ಗಟ್ಟಿಯಾದದ್ದು ಸಿಗಬಹುದು. ಎಕ್ಸ್‌ರೇ ತೆಗೆಸಿ, ಆಂಟಿಬಯೋಟಿಕ್‌ನಿಂದ ನಿಲ್ಲಲ್ಲ, ಆಪರೇಷನ್ನೇ ಪರಿಹಾರ.

ಇಬ್ಬರಿಗೂ ಒಂದು ಮಾತು. ತಲೆ ಒಂದು ಕಡೆ ವಾಲಿದರೆ, ಕಿವಿ ಜೋತುಬಿದ್ದರೆ, ತುಟಿ ಸೊಟ್ಟಗಾದರೆ, ಕೆನ್ನೆಯೊಳಗೆ ಮೇವು ಉಳಿದರೆ ತೊಂದರೆ ಒಳಗಿವಿಗೋ ಮುಖದ ನರಕ್ಕೋ ತಲುಪಿರಬಹುದು. ಅವತ್ತೇ ಡಾಕ್ಟರ್ ಬರಬೇಕು. ಆ ನರ ಸೋತರೆ ರೆಪ್ಪೆ ಮುಚ್ಚದೆ ಕಣ್ಣು ಒಣಗಿ ಹುಣ್ಣಾಗುತ್ತೆ, ಅವರು ಬರುವ ತನಕ ಎರಡು ಗಂಟೆಗೊಮ್ಮೆ ಕಣ್ಣಿಗೆ ತೇವದ ಜೆಲ್ ಹಾಕುತ್ತಿರಿ. ಸ್ಟಿರಾಯ್ಡ್ ಇರುವ ಮುಲಾಮು ಮಾತ್ರ ಬೇಡ.