ಊರಿನ ಇತಿಹಾಸ ಸಂಗ್ರಹಾಲಯವನ್ನು ಮತ್ತೆ ಕಟ್ಟಲು ದೇಣಿಗೆ ಕೂಡಿಸುವುದು ಹೇಗೆ?

ಪ್ರಶ್ನೆ: ಹಾನಗಲ್ ಸೀಮೆಯವನು

ಮಾನ್ಯರೇ, ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ನಮ್ಮ ಊರಿನಲ್ಲಿ ಹಿರಿಯರು ಕೂಡಿ ಕಟ್ಟಿದ ಚಿಕ್ಕದೊಂದು ಇತಿಹಾಸ ಸಂಗ್ರಹಾಲಯವಿದೆ. ಹೊಲ ಉಳುವಾಗ ಸಿಕ್ಕ ವೀರಗಲ್ಲು, ಮಾಸ್ತಿಕಲ್ಲುಗಳು, ಹಳೆಯ ಮನೆತನದವರು ತಂದುಕೊಟ್ಟ ತಾಳೆಗರಿಗಳು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಪತ್ರಗಳು, ಕೊಳಗ, ಸೇರು, ಪಾವುಗಳು ಅಲ್ಲಿದ್ದವು. 2019ರ ಆಗಸ್ಟ್ ತಿಂಗಳ ಮಳೆಗೆ ಹಿಂದಿನ ಮಣ್ಣಿನ ಗೋಡೆ ಕುಸಿದು ಮಾಡು ಬಾಗಿದಾಗಿನಿಂದ ಆ ವಸ್ತುಗಳೆಲ್ಲ ಶಾಲೆಯ ಒಂದು ಕೊಠಡಿಯಲ್ಲಿವೆ. ಈಗ ಶಾಲೆಯವರೂ ಕೊಠಡಿಯನ್ನು ಬಿಟ್ಟುಕೊಡಿ ಎನ್ನುತ್ತಿದ್ದಾರೆ.

ನಮ್ಮದು 1960ರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಘ. ಹೊಸ ಕಟ್ಟಡಕ್ಕೆ ಎಂಜಿನಿಯರರು ಸುಮಾರು 40 ಲಕ್ಷ ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಮೂರು-ನಾಲ್ಕು ದೊಡ್ಡ ದಾನಿಗಳನ್ನು ಹಿಡಿದು ಕೆಲಸ ಮುಗಿಸೋಣ ಎಂದು ಕೆಲವರು, ಮನೆಮನೆಗೆ ಹೋಗಿ ಪಟ್ಟಿ ಎತ್ತೋಣ ಎಂದು ಉಳಿದವರು ಹೇಳುತ್ತಿದ್ದಾರೆ. ಗುಡಿಯ ಜೀರ್ಣೋದ್ಧಾರವೆಂದರೆ ಕೇಳುವ ಮೊದಲೇ ಕೊಡುವ ಜನ, ಸಂಗ್ರಹಾಲಯವೆಂದೊಡನೆ ‘ಅದು ಸರಕಾರ ಮಾಡಬೇಕಾದ ಕೆಲಸವಲ್ಲವೇ’ ಎಂದು ತಿರುಗಿ ಕೇಳುತ್ತಾರೆ. ಇಂತಹ ಕೆಲಸ ಮಾಡಿದವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ: ಗದಗಿನ ಲೆಕ್ಕಿಗ

ದೇಣಿಗೆಗಾಗಿಯೇ ಬೇರೆಯ ಬ್ಯಾಂಕ್ ಖಾತೆ ತೆರೆಯಿರಿ. ಸಂಘದ ದಿನನಿತ್ಯದ ಖರ್ಚು ಅದರೊಳಗೆ ಬರಬಾರದು. ಎಷ್ಟೇ ಚಿಕ್ಕ ಮೊತ್ತವಾದರೂ ಕ್ರಮಸಂಖ್ಯೆಯಿರುವ ಪಾವತಿ (ರಸೀದಿ) ಕೊಡಿ. ಸಹಕಾರಿ ಸಂಘ 1905ರಲ್ಲಿಯೇ ಹುಟ್ಟಿದ ಕಣಗಿನಹಾಳ ನಮ್ಮ ಜಿಲ್ಲೆಯದೇ ಆಗಿರುವುದರಿಂದ, ಸಣ್ಣ ಸಣ್ಣ ಮೊತ್ತ ಕೂಡಿಸಿ ಲೆಕ್ಕ ಇಡುವುದನ್ನು ಈ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿಯ ಬಗ್ಗೆ ಜನ ಬಹಳ ಭರವಸೆ ಇಟ್ಟುಕೊಂಡಿರುತ್ತಾರೆ. ಸಂಘಕ್ಕೆ ಅದರ ಅನುಮೋದನೆ ಇಲ್ಲದಿದ್ದರೆ ಮೊದಲು ಅರ್ಜಿ ಹಾಕಿರಿ. ಆದರೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಈ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ಈ ಎರಡನ್ನೂ ಕೇಳುವಾಗಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಮಾತು ಕೇಳಬೇಕಾಗುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಪರಂಪರೆಯ ರಕ್ಷಣೆಗೆ ಬಳಸಲು 2013ರ ಕಂಪನಿ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ನೇರವಾಗಿ ಪಡೆಯುವ ಸಂಘಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ದಾಖಲೆ ಮತ್ತು ಈ ಹಣ ಪಡೆಯಲೆಂದೇ ಕೇಂದ್ರ ಸರಕಾರದಲ್ಲಿ ಮಾಡಿಸುವ ಸಿಎಸ್‌ಆರ್-1 ಎಂಬ ನೋಂದಣಿ ಬೇಕು. ಪರದೇಶದಲ್ಲಿರುವ ಊರಿನವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವರ ಉಳಿತಾಯದ ಹಣ ಪಡೆಯಲು ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ.

ಉತ್ತರ: ಧಾರವಾಡದ ನಿವೃತ್ತ ಅಧ್ಯಾಪಕಿ

ಲೆಕ್ಕದ ಮಾತು ಸರಿಯಾಗಿದೆ, ಆದರೆ ಅದಕ್ಕೂ ಮೊದಲಿನ ಕೆಲಸವೊಂದಿದೆ. ‘40 ಲಕ್ಷದ ಕಟ್ಟಡ’ ಎಂದು ಕೇಳಿದರೆ ಯಾರ ಮನಸ್ಸೂ ಕರಗುವುದಿಲ್ಲ. ಶಾಲೆಯ ಕೊಠಡಿಯಲ್ಲಿರುವ ಪ್ರತಿ ವಸ್ತುವಿಗೆ ಸಂಖ್ಯೆ ಹಾಕಿ, ಅಳತೆ ತೆಗೆದು, ಫೋಟೋ ಹಿಡಿದು, ಅದು ಯಾವ ಹೊಲದಲ್ಲಿ ಸಿಕ್ಕಿತು, ಯಾವ ಮನೆತನದವರು ಕೊಟ್ಟರು ಎಂಬುದನ್ನು ಬಲ್ಲವರು ಬದುಕಿರುವಾಗಲೇ ಬರೆದುಕೊಳ್ಳಿರಿ. ಆ ದಾಖಲೆ ಪುಸ್ತಕ ಕೈಯಲ್ಲಿ ಹಿಡಿದು ಮನೆಯ ಬಾಗಿಲಿಗೆ ಹೋದಾಗ, ‘ನಿಮ್ಮ ಅಜ್ಜನವರು ಕೊಟ್ಟ ಕಡತ ಇಲ್ಲಿದೆ, ಇದರ ಮೇಲೆ ನೀರು ಸೋರಬಾರದು’ ಎಂದು ಹೇಳಬಹುದು. ಸರಕಾರದ ಕೆಲಸವೆಂದು ಆಗ ಯಾರೂ ಜಾರಿಕೊಳ್ಳಲಾರರು.

ಕಾನೂನಿನ ದೃಷ್ಟಿಯಿಂದಲೂ ಈ ಪುಸ್ತಕ ಬೇಕು. ನೂರು ವರ್ಷ ದಾಟಿದ ಶಿಲ್ಪಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವುಗಳ ನೋಂದಣಿ ಆಗಿದೆಯೇ ಎಂದು ನೋಡಿಕೊಳ್ಳಿರಿ. ಕಟ್ಟಡದ ಜಾಗವು ಹಾನಗಲ್ಲಿನ ತಾರಕೇಶ್ವರದಂತಹ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; ಅದರಾಚೆಗಿನ 200 ಮೀಟರ್ ವ್ಯಾಪ್ತಿಯಲ್ಲಿ ಅನುಮತಿ ಪಡೆಯಲೇಬೇಕು. ಹಣ ಕೂಡಿಸಿದ ಮೇಲೆ ಇದು ಗೊತ್ತಾದರೆ ದಾನಿಗಳಿಗೆ ಉತ್ತರ ಕೊಡುವುದು ಕಷ್ಟ.

ಇನ್ನೊಂದು ವಿಷಯವನ್ನು ನಮ್ಮ ದಾನಿಗಳೂ ಸಂಘಗಳೂ ಒಟ್ಟಿಗೇ ಮರೆಯುತ್ತಾರೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಕಾಲದ ದತ್ತಿ ಶಾಸನಗಳನ್ನು ಓದಿದವರಿಗೆ ತಿಳಿದಿರುವಂತೆ, ಅಂದಿನವರು ಕೊಟ್ಟವರ ಹೆಸರನ್ನಷ್ಟೇ ಕೆತ್ತಿಸುತ್ತಿರಲಿಲ್ಲ. ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಅದರ ಆದಾಯ ಯಾವ ಖರ್ಚಿಗೆ ಸಲ್ಲಬೇಕು ಎಂಬುದನ್ನೂ ಬರೆಸುತ್ತಿದ್ದರು. ‘ಖಂಡಸ್ಫುಟಿತ ಜೀರ್ಣೋದ್ಧಾರ’, ಅಂದರೆ ಮುಂದೆ ಒಡೆದು ಬಿರುಕು ಬಿಟ್ಟದ್ದರ ದುರಸ್ತಿ, ಆ ಖರ್ಚುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾವು ಮಾತ್ರ ಉದ್ಘಾಟನೆಯ ದಿನಕ್ಕೆ ಸಾಲುವಷ್ಟು ಹಣ ಕೂಡಿಸಿ ಕೈತೊಳೆದುಕೊಳ್ಳುತ್ತೇವೆ. ಬಂದ ದೇಣಿಗೆಯಲ್ಲಿ ಒಂದು ಪಾಲನ್ನು ಕಾಯಂ ಠೇವಣಿಯಾಗಿ ಇಡಲಾಗುವುದೆಂದು ಮನವಿಯಲ್ಲಿಯೇ ಬರೆಯಿರಿ. ಅದರ ಬಡ್ಡಿಯಲ್ಲಿ ಹೆಂಚು ತಿರುವಿ ಹಾಕುವುದು, ಗೆದ್ದಲಿನ ಔಷಧಿ, ಕಾವಲುಗಾರರ ಸಂಬಳ ನಡೆಯಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯದ ಸಂಗ್ರಹಾಲಯ ಅನುದಾನ ಯೋಜನೆಗೆ ನೋಂದಾಯಿತ ಸಂಘಗಳೂ ಅರ್ಜಿ ಹಾಕಬಹುದು. ಅಲ್ಲಿಯೂ ವಸ್ತುಗಳ ಪಟ್ಟಿಯನ್ನು ಕೇಳದೆ ಬಿಡುವುದಿಲ್ಲ.

ಉತ್ತರ: ಬ್ಯಾಡಗಿ ಪೇಟೆಯವನು

ಅಧ್ಯಾಪಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಹಳ್ಳಿಯಲ್ಲಿ ಕೇಳುವುದಕ್ಕೂ ಒಂದು ಕಾಲವಿದೆ. ಮುಂಗಾರು ಬಿತ್ತನೆಗೆ ಬೀಜ-ಗೊಬ್ಬರದ ಸಾಲ ಮಾಡಿದ ರೈತನ ಮುಂದೆ ಪಾವತಿ ಪುಸ್ತಕ ಹಿಡಿಯಬಾರದು. ಮಾಲು ಪೇಟೆಗೆ ಬಂದು ಕೈಯಲ್ಲಿ ಹಣ ಆಡುವಾಗ ಕೇಳಿದರೆ ಅದೇ ಮನುಷ್ಯ ಸಂತೋಷದಿಂದ ಕೊಡುತ್ತಾನೆ. ಹಣವನ್ನೇ ಕೊಡಬೇಕೆಂಬ ನಿಯಮವೂ ಬೇಡ. ಕಲ್ಲು, ಮರಳು, ಟ್ರ್ಯಾಕ್ಟರಿನ ಬಾಡಿಗೆ, ಗೌಂಡಿಯ ನಾಲ್ಕು ದಿನದ ಕೆಲಸ, ಎಲ್ಲಕ್ಕೂ ಅಂದಿನ ದರದ ಬೆಲೆ ಕಟ್ಟಿ ದೇಣಿಗೆಯ ಪಟ್ಟಿಯಲ್ಲಿ ಹೆಸರು ಬರೆಯಿರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ತುಲಾಭಾರಗಳನ್ನು ನೋಡಿದ ಸೀಮೆ ಇದು. ಹತ್ತು ಜನರ ಕಣ್ಣೆದುರು ಕೊಡುವುದರಲ್ಲಿ ಜನರಿಗೆ ಒಂದು ತೃಪ್ತಿಯಿದೆ.

ದೊಡ್ಡ ದಾನಿಗಳನ್ನು ಬಿಡಬೇಡಿ, ಆದರೆ ಮೊದಲು ಹೋಗಬೇಡಿ. ಊರಿನ ಅರ್ಧದಷ್ಟು ಮನೆಗಳ ಹೆಸರು ಪುಸ್ತಕದಲ್ಲಿ ಬಂದ ಮೇಲೆ ಹೋದರೆ, ಕಟ್ಟಡಕ್ಕೆಲ್ಲ ತಮ್ಮ ಮನೆತನದ ಹೆಸರನ್ನೇ ಇಡಬೇಕೆಂಬ ಷರತ್ತನ್ನು ಅವರೂ ಹಾಕುವುದಿಲ್ಲ.

ಮರುಪ್ರಶ್ನೆ: ಹಾನಗಲ್ ಸೀಮೆಯವನು

ಎಲ್ಲರಿಗೂ ಕೃತಜ್ಞತೆಗಳು. ದಾಖಲೆಯ ಕೆಲಸವನ್ನು ಶಾಲೆಯ ಶಿಕ್ಷಕರೊಂದಿಗೆ ಕೂಡಿ ಆರಂಭಿಸುತ್ತೇವೆ. ಒಂದು ಸಂದೇಹ ಉಳಿಯಿತು: ಸಂಗ್ರಹಾಲಯದ ಜಾಗವನ್ನು ಹಿರಿಯರೊಬ್ಬರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು, ಉತಾರದಲ್ಲಿ (ಜಾಗದ ಹಕ್ಕಿನ ದಾಖಲೆಯಲ್ಲಿ) ಈಗಲೂ ಅವರದೇ ಹೆಸರಿದೆ. ಅವರು ತೀರಿಕೊಂಡಿದ್ದಾರೆ, ಮಕ್ಕಳು ಒಳ್ಳೆಯವರು. ದೇಣಿಗೆ ಎತ್ತುತ್ತಲೇ ಇದನ್ನು ಸರಿಪಡಿಸಿಕೊಳ್ಳಬಹುದೇ?

ಉತ್ತರ: ಗದಗಿನ ಲೆಕ್ಕಿಗ

ಬೇಡ. ವಾರಸುದಾರರ ಹೆಸರು ಮೊದಲು ದಾಖಲಾಗಲಿ. ಹೆಣ್ಣುಮಕ್ಕಳನ್ನೂ ಸೇರಿಸಿ ಎಲ್ಲರ ಸಹಿಯಿಂದ ಸಂಘದ ಹೆಸರಿಗೆ ದಾನಪತ್ರ ನೋಂದಣಿಯಾಗಲಿ. ಇದಕ್ಕೆ ತಗಲುವ ಮುದ್ರಾಂಕ ಶುಲ್ಕವನ್ನು ಸಂಘದ ಸದಸ್ಯರು ತಮ್ಮ ತಮ್ಮಲ್ಲಿಯೇ ಹಂಚಿಕೊಳ್ಳಿರಿ. ಪಾವತಿ ಪುಸ್ತಕವನ್ನು ಆಮೇಲೆ ಅಚ್ಚು ಹಾಕಿಸಿದರಾಯಿತು.