ಪುಟ್ಟಿ, ಬಾದಾಮಿ ಇರಲಿ, ಮೊದಲು ನಿನ್ನ ಬಿ-12 ನೋಡಿಸು

ಪುಟ್ಟಿ, ನಾನು ನಿನ್ನ ಚಿಕ್ಕಮ್ಮ, ನಿನ್ನ ಕಾಕು, ಮಾತಾಡುತ್ತಿದ್ದೇನೆ. ಟೈಪ್ ಮಾಡಲು ಕೂತರೆ ನನಗೆ ಇಲ್ಲೇ ಸಂಜೆ ಆಗುತ್ತದೆ, ಅದಕ್ಕೇ ಹೀಗೆ. ಉದ್ದ ಆಗುತ್ತದೆ, ಕೂಸು ಮಲಗಿದಾಗ ಕೇಳು. ನಡುವೆ ಕುಕ್ಕರ್ ಸೀಟಿ ಹೊಡೆದರೆ ಗಾಬರಿ ಆಗಬೇಡ.

ಬೆಳಿಗ್ಗೆ ಮನೆಯವರ ಗ್ರೂಪಿನಲ್ಲಿ ಕೇಳಿದ್ದೆಯಲ್ಲ, ನಾನು ತಿಂದದ್ದು ಹಾಲಿನಲ್ಲಿ ಹೋಗಿ ಕೂಸಿನ ಮಿದುಳಿಗೆ ನಿಜವಾಗಿ ಮುಟ್ಟುತ್ತದಾ ಅಂತ. ಅದಕ್ಕೆ ಒಬ್ಬರು ಬಾದಾಮಿ ಫಾರ್ವರ್ಡ್ ಹಾಕಿದರು, ಇನ್ನೊಬ್ಬರು ತುಪ್ಪ ಅಂದರು. ಅತ್ತಿಗೆ, ಅದೇ ನಮ್ಮ ವೈನಿ, ಅಂತೂ "ನಾವು ಮೆಣಸಿನ ಸಾರು ಅನ್ನ ತಿಂದೇ ಮಕ್ಕಳನ್ನು ಬೆಳೆಸಿಲ್ಲವಾ" ಅಂತ ಮಾತೇ ಮುಗಿಸಿಬಿಟ್ಟರು. ವೈನಿ, ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮುಟ್ಟುತ್ತದೆ ಪುಟ್ಟಿ, ಆದರೆ ಎಲ್ಲವೂ ಒಂದೇ ಥರ ಅಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಫೋಲೇಟ್, ಇವು ನೀನು ಸ್ವಲ್ಪ ಕಡಿಮೆ ತಿಂದರೂ ಹಾಲಿನಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಊಟದಲ್ಲಿ ಇಲ್ಲದಿದ್ದರೆ ಮೈ ತನ್ನದನ್ನೇ ತೆಗೆದು ಕೊಡುತ್ತದೆ. ಕ್ಯಾಲ್ಸಿಯಂ ನಿನ್ನ ಮೂಳೆಯಿಂದಲೇ ಹೋಗುತ್ತದೆ. ಕೂಸಿಗೆ ಸಿಕ್ಕಿತು, ಸೊಂಟ ಹೋಗಿದ್ದು ನಿನ್ನದು. ಆದರೆ ವಿಟಮಿನ್ ಬಿ-12, ಅಯೋಡಿನ್, ಮೊಟ್ಟೆಯಲ್ಲಿರುವ ಕೋಲಿನ್, ಮೀನಿನಲ್ಲಿರುವ ಡಿಎಚ್ಎ ಅನ್ನುವ ಕೊಬ್ಬು, ಇವು ಹಾಗಲ್ಲ. ನಿನ್ನಲ್ಲಿ ಕಡಿಮೆ ಇದ್ದರೆ ಹಾಲಿನಲ್ಲೂ ಕಡಿಮೆ. ಮಿದುಳಿಗೆ ಬೇಕಾಗಿರುವುದೂ ಇವೇ, ನೋಡು. ಮೊದಲ ವರ್ಷದಲ್ಲೇ ಕೂಸಿನ ಮಿದುಳು ಹುಟ್ಟಿದಾಗಿನ ಎರಡರಷ್ಟು ಆಗುತ್ತದೆ. ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ನರಗಳಿಗೂ ಅಂಥದ್ದೊಂದು ಹೊದಿಕೆ ಬರುವ ಕಾಲ ಇದು. ಆ ಹೊದಿಕೆ ಸರಿಯಾಗಿ ಬರಲು ಬಿ-12 ಬೇಕೇಬೇಕು.

ಇದು ನನಗೆ ಹೇಗೆ ಗೊತ್ತು ಅಂದರೆ, ನನ್ನ ಎರಡನೆಯವನಿಂದ. ನಿನಗೆ ನೆನಪಿರಲಿಕ್ಕಿಲ್ಲ, ನೀನು ಆಗ ಸ್ಕೂಲಲ್ಲಿದ್ದೆ. ಆರು ತಿಂಗಳವರೆಗೆ ಗುಂಡುಗುಂಡಗೆ ಇದ್ದ, ಎಲ್ಲರೂ ದೃಷ್ಟಿ ತೆಗೆಯುವವರೇ. ಎಂಟನೇ ತಿಂಗಳಿಗೆ ನಗುವುದು ನಿಲ್ಲಿಸಿದ. ಕೂರುತ್ತಿದ್ದವನು ಕೂರಿಸಿದರೆ ಪಕ್ಕಕ್ಕೆ ವಾಲುತ್ತಿದ್ದ. ಗಿಲಕಿ ಅಲ್ಲಾಡಿಸಿದರೆ ತಿರುಗಿ ಕೂಡ ನೋಡುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ "ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ" ಅಂತ ಕಳಿಸಿಬಿಟ್ಟರು. ಎರಡನೇ ಡಾಕ್ಟರು ಅವನ ಕೈ ಹಿಡಿದು ಬೆರಳಿನ ಗೆಣ್ಣು ನೋಡಿದರು, ಅಲ್ಲಿ ಚರ್ಮ ಕಪ್ಪಾಗಿತ್ತು, ನಾನು ಅದನ್ನು ಕೊಳೆ ಅಂತ ದಿನಾ ಉಜ್ಜುತ್ತಿದ್ದೆ. ನೋಡಿದವರೇ ನನ್ನ ಕಡೆ ತಿರುಗಿ, ಕೂಸನ್ನು ಬಿಟ್ಟು ನನ್ನನ್ನು ಕೇಳಿದರು, "ನೀವು ಏನು ಊಟ ಮಾಡುತ್ತೀರಿ?" ಸಾರು, ಅನ್ನ, ಬೆಳ್ಳುಳ್ಳಿ ಚಟ್ನಿ. ಮೊಸರು ಥಂಡಿ ಅಂತ ಬಂದ್, ಹಾಲು ಚಹಾದಲ್ಲಿ ಹಾಕಿದಷ್ಟೇ. ಬಿ-12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು ಇಂಥವುಗಳಲ್ಲಿ, ಸಾರು ಅನ್ನದಲ್ಲಿ ಅಲ್ಲ. ರಕ್ತ ಪರೀಕ್ಷೆ ಮಾಡಿದರೆ ಅವನಿಗೂ ಬಿ-12 ಇಲ್ಲ, ನನಗೂ ಇಲ್ಲ. ಇಬ್ಬರಿಗೂ ಇಂಜೆಕ್ಷನ್. ಒಂದು ವಾರದೊಳಗೆ ನನ್ನ ಮುಖ ನೋಡಿ ನಕ್ಕ ಪುಟ್ಟಿ, ಅಡುಗೆಮನೆ ನೆಲದ ಮೇಲೇ ಕೂತು ಅತ್ತುಬಿಟ್ಟೆ. ಮಾತು ತಡವಾಯಿತು. ಈಗ ಹನ್ನೊಂದನೇ ಕ್ಲಾಸು, ವಾದಕ್ಕೆ ನಿಂತರೆ ನಿಲ್ಲಿಸುವವರಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಇಲ್ಲೇ ಸುತ್ತಲಿನ ಆರು ಹಳ್ಳಿಗಳ ಬಸುರಿಯರನ್ನು ಪರೀಕ್ಷೆ ಮಾಡಲು ಶುರು ಮಾಡಿತು. ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಬಿ-12 ಕಡಿಮೆ. ತೀರಾ ಕಡಿಮೆ ಇದ್ದ ತಾಯಂದಿರ ಮಕ್ಕಳು 9 ವರ್ಷಕ್ಕೆ ಬಂದಾಗ ಗಮನ ಇಡುವ, ಈಗ ಹೇಳಿದ್ದನ್ನು ನೆನಪಿಡುವ ಪರೀಕ್ಷೆಗಳಲ್ಲಿ ಹಿಂದೆ ಇದ್ದರು. ಅದು ಬಸಿರಿನ ಲೆಕ್ಕ, ಹಾಲೂಡಿಸುವಾಗಿನದಲ್ಲ, ಸುಮ್ನೆ ಎರಡನ್ನೂ ಕಲಸುವುದಿಲ್ಲ. ಆದರೆ ಕೂಸು ಹುಟ್ಟುವಾಗ ಕಟ್ಟಿಕೊಂಡು ಬರುವ ಬುತ್ತಿಯೂ ತಾಯಿಯದೇ, ಆಮೇಲೆ ಕುಡಿಯುವ ಹಾಲೂ ಅದೇ ತಾಯಿಯದು, ಅಲ್ವಾ?

ಅದಕ್ಕೇ ನೀನು ಈ ವಾರವೇ ಡಾಕ್ಟರಿಗೆ ಹೇಳಿ ಬಿ-12 ನೋಡಿಸು, ಮಾತ್ರೆ ಬೇಕಾ ಇಂಜೆಕ್ಷನ್ ಬೇಕಾ ಅವರು ಹೇಳಲಿ. ಹೆದರಿಕೊಂಡು ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬೇಡ, ಸರಿಮಾಡಬೇಕಾದ್ದು ನಿನ್ನನ್ನು, ಹಾಲನ್ನಲ್ಲ. ದಿನಾ ಎರಡು ಲೋಟ ಹಾಲು, ಮಧ್ಯಾಹ್ನ ಮೊಸರು. ಮೊಸರು ತಿಂದರೆ ಕೂಸಿಗೆ ನೆಗಡಿ ಆಗುವುದಿಲ್ಲ ವೈನಿ, ನೆಗಡಿ ಬರುವುದು ಮನೆಗೆ ಬಂದು ಮುದ್ದು ಮಾಡುವವರಿಂದ. ಬಾದಾಮಿ ತಿನ್ನು, ಬೇಡ ಅನ್ನುವುದಿಲ್ಲ, ಆದರೆ ಅದರಲ್ಲಿ ಬಿ-12 ಇಲ್ಲ, ಡಿಎಚ್ಎ ಕೂಡ ಇಲ್ಲ. ಅಗಸಿ ಚಟ್ನಿ ಒಳ್ಳೆಯದೇ, ಆದರೆ ಅದರ ಕೊಬ್ಬು ಮೈಯಲ್ಲಿ ಡಿಎಚ್ಎ ಆಗುವುದು ಬಹಳ ಕಡಿಮೆ.

ಈಗ ಮೀನಿನ ವಿಷಯ, ವೈನಿ ಕಿವಿ ಮುಚ್ಚಿಕೊಳ್ಳಲಿ. ನಿನ್ನ ಅತ್ತೆಯವರು ಕಾರವಾರದವರು, ಮದುವೆಯಾದ ಮೇಲೆ ನೀನೂ ತಿನ್ನುತ್ತೀಯ, ಎಲ್ಲರಿಗೂ ಗೊತ್ತಿರುವ ಗುಟ್ಟು. ಈಗ ನಂಜು ಅಂತ ಅವರೇ ನಿಲ್ಲಿಸಿದ್ದಾರೆ ಅಂದೆ. ನಿಲ್ಲಿಸಬೇಕಾಗಿಲ್ಲ. ಬಂಗಡೆ, ತಾರ್ಲಿ ಅಂದರೆ ಭೂತಾಯಿ, ವಾರಕ್ಕೆ ಎರಡು ಸಲ ಸಾಕು. ಸುರಮಯಿ, ಮೋರಿ ಅನ್ನುವ ಶಾರ್ಕ್, ಇಂಥ ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ, ಅವು ಸದ್ಯಕ್ಕೆ ಬೇಡ. ಮೀನು ಬೇಡವಾದರೆ ಪಾಚಿಯಿಂದ ಮಾಡಿದ ಡಿಎಚ್ಎ ಮಾತ್ರೆ ಸಿಗುತ್ತದೆ, ಡಾಕ್ಟರನ್ನು ಕೇಳು. ಮೊಟ್ಟೆ ನಡೆಯುತ್ತದಾದರೆ ಹಳದಿ ಎಸೆಯಬೇಡ, ಕೋಲಿನ್ ಇರುವುದೇ ಅದರಲ್ಲಿ.

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೋಡಿದೆ, ಉಪ್ಪಿನ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಉಪ್ಪು. ಆರೋಗ್ಯಕ್ಕೆ ಅಂತ ತಂದಿದ್ದೀರಿ. ಅದರಲ್ಲಿ ಅಯೋಡಿನ್ ಇಲ್ಲವೆಂದೇ ತಿಳಿ. ಹಾಲೂಡಿಸುವವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು, ಉಳಿದ ದೊಡ್ಡವರಿಗೆ 150. ಪ್ಯಾಕೆಟ್ ಮೇಲೆ ಅಯೋಡೈಸ್ಡ್ ಅಂತ ಬರೆದಿರುವ ಮಾಮೂಲಿ ಉಪ್ಪು ತಾ, ಮುಚ್ಚಳ ಗಟ್ಟಿಯಾಗಿ ಹಾಕು. ಉಪ್ಪು ಜಾಸ್ತಿ ಹಾಕು ಅನ್ನುತ್ತಿಲ್ಲ, ಉಪ್ಪು ಬದಲಿಸು ಅನ್ನುತ್ತಿದ್ದೇನೆ.

ಇನ್ನು ಊಟ. ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಜಾಸ್ತಿ ಬೇಕು ಅಂತ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುತ್ತದೆ, ಅಂದರೆ ಎರಡು ಜೋಳದ ರೊಟ್ಟಿ, ಬಟ್ಟಲು ಬೇಳೆ, ಒಂದು ಲೋಟ ಹಾಲು ಅಂದುಕೋ. ಅಂಟಿನುಂಡೆ ತಿನ್ನು, ಅಳವಿ ಬೀಜದ ಪಾಯಸ ಕುಡಿ, ಅವು ನಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದು. ನೀರು ಕಡಿಮೆ ಕುಡಿ ಅಂದದ್ದು ಮಾತ್ರ ತಪ್ಪು, ಬಾಯಾರಿದಷ್ಟೂ ಕುಡಿ. ಕಬ್ಬಿಣದ ಮಾತ್ರೆ ಹೆರಿಗೆ ಆದ ಮೇಲೆ 180 ದಿನ, ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಜೊತೆಯೂ ಬೇಡ. ಕೂಸಿನ ವಿಟಮಿನ್ ಡಿ ಡ್ರಾಪ್ಸ್ ದಿನಾ 400 ಯೂನಿಟ್, ಅದು ನೀನು ಎಷ್ಟೇ ಚೆನ್ನಾಗಿ ತಿಂದರೂ ಹಾಲಿನಲ್ಲಿ ಸಾಕಾಗುವುದಿಲ್ಲ.

ಭಾನುವಾರ ಕೋಥ್ರೂಡಿನಿಂದ ಬರುತ್ತೇನೆ, ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕಿ ತರುತ್ತೇನೆ. ರಿಪೋರ್ಟ್ ಬಂದರೆ ಗ್ರೂಪಿನಲ್ಲಿ ಹಾಕಬೇಡ, ನನಗೊಬ್ಬಳಿಗೇ ಕಳಿಸು, ಇಲ್ಲದಿದ್ದರೆ ಇನ್ನೂ ಹತ್ತು ಬಾದಾಮಿ ಬರುತ್ತವೆ.