55-63ರಿಂದ ಪ್ಲೇಆಫ್‌ಗೆ: 2024ರ ಡೆಟ್ರಾಯಿಟ್ ಟೈಗರ್ಸ್ ಲೆಕ್ಕ ಕೂಡಿಬಂದದ್ದು ಹೇಗೆ?

ಹೊಸನೋಡುಗ:
2024ರ ಆಗಸ್ಟ್ 10ಕ್ಕೆ ಅಮೆರಿಕದ ಬೇಸ್‌ಬಾಲ್ ತಂಡ ಟೈಗರ್ಸ್ 55 ಗೆಲುವು, 63 ಸೋಲು. ವೈಲ್ಡ್‌ಕಾರ್ಡ್ (ವಿಭಾಗ ಗೆಲ್ಲದವರಿಗೂ ಪ್ಲೇಆಫ್‌ನಲ್ಲಿ ಸಿಗುವ) ಜಾಗದಿಂದ 10 ಪಂದ್ಯ ಹಿಂದೆ. ಜುಲೈ ಕೊನೆಗೇ ಪಿಚರ್ (ಚೆಂಡೆಸೆಯುವವ) ಜ್ಯಾಕ್ ಫ್ಲಾಹರ್ಟಿಯನ್ನು ಡಾಜರ್ಸ್‌ಗೆ ಬಿಟ್ಟುಕೊಟ್ಟಿದ್ದರು. ಅಂಕಿಅಂಶ ತಾಣ ಫ್ಯಾನ್‌ಗ್ರಾಫ್ಸ್ ಲೆಕ್ಕದಲ್ಲಿ ಪ್ಲೇಆಫ್ ಸಾಧ್ಯತೆ ಬರೀ 0.2%. ಆಮೇಲೆ 44ರಲ್ಲಿ 31 ಗೆದ್ದು, 2014ರ ನಂತರ ಮೊದಲ ಸಲ ಒಳಗೆ ಹೋದರು. ಈ ‘ಪಂದ್ಯ ಹಿಂದೆ’, ‘ಮ್ಯಾಜಿಕ್ ನಂಬರ್’ ಲೆಕ್ಕ ಹಾಕುವುದು ಹೇಗೆ? ಗಟ್ಟಿ ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಅಂತ ತಾರಿಕ್ ಸ್ಕೂಬಲ್ ಒಬ್ಬನನ್ನೇ ಇಟ್ಟುಕೊಂಡು ಏಳು ವಾರ ಹೇಗೆ ನಿಭಾಯಿಸಿದರು?

ಅಂಕಪಟ್ಟಿ:
ಇಲ್ಲಿ ನೆಟ್ ರನ್‌ರೇಟ್ ಇಲ್ಲ, ಗೆಲುವು ಸೋಲು ಅಷ್ಟೇ. ‘ಪಂದ್ಯ ಹಿಂದೆ’ ತಿಳಿಯಲು ಎರಡು ತಂಡಗಳ ಗೆಲುವುಗಳ ಸಂಖ್ಯೆಯ ಅಂತರ, ಸೋಲುಗಳ ಸಂಖ್ಯೆಯ ಅಂತರ ಕೂಡಿಸಿ 2ರಿಂದ ಭಾಗಿಸಿ. ಮುಂದಿನ ತಂಡ 65-53, ನೀವು 55-63 ಇದ್ದರೆ (10+10)/2, ಅಂದರೆ 10 ಪಂದ್ಯ ಹಿಂದೆ.

ಮ್ಯಾಜಿಕ್ ನಂಬರ್ ಅಂದರೆ ಜಾಗ ಖಚಿತವಾಗಲು ಇನ್ನೂ ಬೇಕಾದ ನಿಮ್ಮ ಗೆಲುವು, ಎದುರಾಳಿಯ ಸೋಲುಗಳ ಒಟ್ಟು. ಅದಕ್ಕೆ 163ರಿಂದ (ಸೀಸನ್‌ನ 162 ಪಂದ್ಯಕ್ಕೆ ಒಂದು ಕೂಡಿಸಿ) ನಿಮ್ಮ ಗೆಲುವು, ಎದುರಾಳಿಯ ಸೋಲು ಎರಡನ್ನೂ ಕಳೆಯಿರಿ. ಸೆಪ್ಟೆಂಬರ್ 27ರ ಬೆಳಿಗ್ಗೆ ಟೈಗರ್ಸ್ ಗೆಲುವು 85, ಮಿನೆಸೋಟಾ ಟ್ವಿನ್ಸ್ ಸೋಲು 77. ಉಳಿದದ್ದು 1. ಅವತ್ತೇ ವೈಟ್ ಸಾಕ್ಸ್ ವಿರುದ್ಧ 4-1ರಿಂದ ಗೆದ್ದು ಕೆಲಸ ಮುಗಿಸಿದರು. ಟೈಬ್ರೇಕರ್ ನಿಮ್ಮ ಕೈಯಲ್ಲಿದ್ದರೆ 163ರ ಬದಲು 162 ಹಿಡಿಯಿರಿ; ಬಹಳ ಜನ ತಪ್ಪುವುದು ಇಲ್ಲೇ. 2022ರಿಂದ ಸಮಬಲವಾದರೆ ಹೆಚ್ಚುವರಿ ಪಂದ್ಯ ಇಲ್ಲ, ಮೊದಲು ಪರಸ್ಪರ ಪಂದ್ಯಗಳ ದಾಖಲೆ ನೋಡುತ್ತಾರೆ. ಕ್ಯಾನ್ಸಸ್ ಸಿಟಿಯೂ 86-76ರಲ್ಲೇ ಮುಗಿಸಿತು, ಆದರೆ ಆ ದಾಖಲೆ ಅವರ ಕಡೆ ಇತ್ತು. ಅವರು 5ನೇ ಸೀಡ್, ಡೆಟ್ರಾಯಿಟ್ 6ನೇದು.

ಇನ್ನೊಂದು ಮಾತು: ಪ್ರತಿ ಲೀಗ್‌ಗೆ ಮೂರು ವೈಲ್ಡ್‌ಕಾರ್ಡ್ ಇರುವುದರಿಂದ ಹಿಂದಿದ್ದವರು ಬರೀ ಗೆದ್ದರೆ ಸಾಲದು, ಮುಂದಿದ್ದವರು ಜಾರಬೇಕು. ಟ್ವಿನ್ಸ್ ಕೊನೆಯ 39ರಲ್ಲಿ 27 ಸೋತರು. ಅದಿಲ್ಲದೆ ಈ ಕಥೆಯೇ ಇಲ್ಲ.

ಬುಲ್‌ಪೆನ್‌ಬಳಗ:
ಎರಡನೇ ಪ್ರಶ್ನೆಗೆ ನಾನು. ಮ್ಯಾನೇಜರ್ ಎ.ಜೆ. ಹಿಂಚ್ ಇದಕ್ಕೆ ‘ಪಿಚಿಂಗ್ ಕೇಯಾಸ್’ (ಎಸೆತದ ಗೊಂದಲ) ಅಂತ ಹೆಸರಿಟ್ಟರೂ, ಒಳಗಿದ್ದದ್ದು ಪಕ್ಕಾ ಯೋಜನೆ. ಸ್ಕೂಬಲ್ (18 ಗೆಲುವು, 4 ಸೋಲು; ಇಆರ್‌ಎ, ಅಂದರೆ 9 ಇನಿಂಗ್ಸ್‌ಗೆ ಕೊಟ್ಟ ಸರಾಸರಿ ರನ್, 2.39; 228 ಸ್ಟ್ರೈಕ್‌ಔಟ್) ಸರದಿ ಬಂದ ದಿನ ಬುಲ್‌ಪೆನ್‌ಗೆ (ನಡುವೆ ಇಳಿಯುವ ಪಿಚರ್‌ಗಳಿಗೆ) ಬಹುಪಾಲು ವಿಶ್ರಾಂತಿ. ಉಳಿದ ಎಷ್ಟೋ ದಿನ ಓಪನರ್: ಬೋ ಬ್ರಿಸ್ಕಿಯೋ ಟೈಲರ್ ಹೋಲ್ಟನ್ನೋ ಒಂದೆರಡು ಇನಿಂಗ್ಸ್ ಎಸೆದು ಹೋಗುತ್ತಾರೆ, ಆಮೇಲೆ ಬ್ರಾಂಟ್ ಹರ್ಟರ್‌ನಂಥವನು ಬಂದು ಮೂರ್ನಾಲ್ಕು ಇನಿಂಗ್ಸ್ ಎಳೆಯುತ್ತಾನೆ.

ಲಾಭ ಎಲ್ಲಿ ಅಂದರೆ, ಬಲಗೈ ಬ್ರಿಸ್ಕಿ ಶುರು ಮಾಡುತ್ತಾನೆಂದು ಎದುರಾಳಿ ಎಡಗೈ ಬ್ಯಾಟರ್‌ಗಳನ್ನು ಮೇಲೆ ತುಂಬುತ್ತಾನೆ (ಬಲಗೈ ಪಿಚರ್ ಎದುರು ಎಡಗೈ ಬ್ಯಾಟರ್‌ಗೆ ಅನುಕೂಲ). ಎರಡನೇ ಸುತ್ತಿಗೆ ಎಡಗೈ ಹರ್ಟರ್ ಎದುರಿಗಿರುತ್ತಾನೆ. ಆಗ ಬ್ಯಾಟರ್‌ನನ್ನು ಬದಲಿಸಿದರೆ ಬೆಂಚ್ ಖಾಲಿ, ಯಾಕೆಂದರೆ ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದವನು ವಾಪಸ್ ಬರುವಂತಿಲ್ಲ. 2020ರ ನಿಯಮದ ಪ್ರಕಾರ ಪಿಚರ್ ಕನಿಷ್ಠ 3 ಬ್ಯಾಟರ್‌ಗಳಿಗೆ ಎಸೆಯಬೇಕು ಅಥವಾ ಆ ಅರ್ಧ ಇನಿಂಗ್ಸ್ ಮುಗಿಸಬೇಕು. ಹಾಗಾಗಿ ಅವನನ್ನು ಯಾವ ಮೂವರ ಮುಂದೆ ಇಳಿಸುವುದು ಅನ್ನುವುದೇ ಹಿಂಚ್‌ರ ಕಸುಬು.

ಹೊಸನೋಡುಗ:
ಇಷ್ಟು ಚೆನ್ನಾಗಿ ನಡೆಯುವುದಾದರೆ ಎಲ್ಲ ತಂಡಗಳೂ ಏಪ್ರಿಲ್‌ನಿಂದಲೇ ಯಾಕೆ ಮಾಡುವುದಿಲ್ಲ?

ಬುಲ್‌ಪೆನ್‌ಬಳಗ:
ತೋಳು ತಡೆಯಲ್ಲ. ತಂಡದ 26 ಜನರಲ್ಲಿ ಪಿಚರ್‌ಗಳು ಹೆಚ್ಚೆಂದರೆ 13; ಸೆಪ್ಟೆಂಬರ್ 1ರಿಂದ ತಂಡದಲ್ಲಿ 28 ಜನ, ಆಗ ಪಿಚರ್‌ಗಳು 14. ದಣಿದವನನ್ನು ಟೊಲೆಡೊದ ಕಿರಿಯ ತಂಡಕ್ಕೆ ಕಳಿಸಿ ಹೊಸಬನನ್ನು ಕರೆಸಬಹುದು, ಊರು ಡೆಟ್ರಾಯಿಟ್‌ನಿಂದ ಒಂದು ಗಂಟೆ ದಾರಿ. ಆದರೆ ಹಾಗೆ ಕಳಿಸಿದ ಪಿಚರ್ 15 ದಿನ ವಾಪಸ್ ಬರುವಂತಿಲ್ಲ (ಗಾಯಾಳು ಜಾಗಕ್ಕಾದರೆ ಸರಿ), ವರ್ಷಕ್ಕೆ 5 ಸಲಕ್ಕಿಂತ ಹೆಚ್ಚು ಕಳಿಸುವಂತೆಯೂ ಇಲ್ಲ. ಆರು ತಿಂಗಳಿಗೆ ಇದು ಎಲ್ಲಿ ಸಾಲುತ್ತೆ?

ಮೊದಲ ಕೊಂಡಿಯೇ ಕಳಚಿದರಂತೂ ಇಡೀ ದಿನದ ಲೆಕ್ಕ ತಲೆಕೆಳಗು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಹ್ಯೂಸ್ಟನ್‌ನನ್ನು 2-0ರಿಂದ ಮನೆಗೆ ಕಳಿಸಿ ಕ್ಲೀವ್‌ಲ್ಯಾಂಡ್‌ಗೆ ಹೋದಾಗ ಮೊದಲ ಪಂದ್ಯದಲ್ಲೇ ಹಾಗಾಯಿತು: ಓಪನರ್ ಹೋಲ್ಟನ್ ಒಂದೂ ಔಟ್ ಪಡೆಯದೆ ಹೊರಬಂದ, ಮೊದಲ ಇನಿಂಗ್ಸ್‌ನಲ್ಲೇ 5 ರನ್ ಹೋಯಿತು, ಪಂದ್ಯ 7-0. ಐದು ಪಂದ್ಯಗಳ ಸರಣಿಯಲ್ಲಿ ಅದೇ ರಿಲೀವರ್‌ಗಳನ್ನು (ಬುಲ್‌ಪೆನ್ ಪಿಚರ್‌ಗಳನ್ನು) ಎದುರಾಳಿ ಮತ್ತೆ ಮತ್ತೆ ನೋಡುತ್ತಾನೆ, ಯಾರ ಸ್ಲೈಡರ್ ಎಲ್ಲಿ ತಿರುಗುತ್ತೆ ಅಂತ ಕಣ್ಣಿಗೆ ಕೂತುಬಿಡುತ್ತೆ. ಆದರೂ ಐದನೇ ಪಂದ್ಯದವರೆಗೆ ಎಳೆದರು.

ಅಂಕಪಟ್ಟಿ:
ಮುಂದಿನ ಸಲ ಇಂಥ ತಂಡವನ್ನು ಮೊದಲೇ ಗುರುತಿಸಬೇಕಾದರೆ ರನ್ ಲೆಕ್ಕ ನೋಡಿ. ಹೊಡೆದ ರನ್‌ನ ವರ್ಗವನ್ನು ಹೊಡೆದ, ಕೊಟ್ಟ ಎರಡೂ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ. 400 ಹೊಡೆದು 380 ಕೊಟ್ಟಿದ್ದರೆ 0.526 ಬರುತ್ತೆ, ಅದೇ ನಿರೀಕ್ಷಿತ ಗೆಲುವಿನ ಪ್ರಮಾಣ: 162 ಪಂದ್ಯಕ್ಕೆ ಸುಮಾರು 85 ಗೆಲುವು. ಅಂಥ ತಂಡ ಪಟ್ಟಿಯಲ್ಲಿ ಸೋಲೇ ಹೆಚ್ಚಾಗಿ ಕೂತಿದ್ದರೆ ಆಗಸ್ಟ್‌ನಲ್ಲಿ ಅದರ ಮೇಲೆ ಕಣ್ಣಿಡಿ.